ಭಾಷೆಯ ಕಟ್ಟು ಹೇಗಿರುತ್ತದೆ? ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕದ ಹತ್ತಿರ ನಮ್ಮ ಊರಿನ ವಾಚನಾಲಯದಲ್ಲಿ ಭಾನುವಾರ ಮಧ್ಯಾಹ್ನ ಹೈಸ್ಕೂಲು, ಪ್ಲಸ್ ಟು ಮಕ್ಕಳನ್ನು ಕೂರಿಸಿಕೊಂಡು ಭಾಷೆಯ ಬಗ್ಗೆ ಮಾತಾಡುತ್ತೇನೆ. ಒಂದೇ ಬೆಂಚಿನಲ್ಲಿ ತುಳು ಮನೆಯ ಹುಡುಗಿ, ಹವ್ಯಕರ ಹುಡುಗ, ಬ್ಯಾರಿ ಮಾತಾಡುವವರು, ಕೊಂಕಣಿಯವರು, ಮರಾಠಿಯವರು. ಪಾಠ ಕನ್ನಡದಲ್ಲಿ, ಗಲಾಟೆ ಮಲಯಾಳದಲ್ಲಿ. ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಭಾಷಾವಿಜ್ಞಾನ ಅಂದ್ರೆ ವ್ಯಾಕರಣವೇ ಅಲ್ವಾ?

ಪೂರ್ತಿ ಅಲ್ಲ. ಶಾಲೆಯ ವ್ಯಾಕರಣ "ಹೀಗೆ ಬರೆ, ಹಾಗೆ ಬರೆಯಬೇಡ" ಅನ್ನುತ್ತದೆ. ಭಾಷಾವಿಜ್ಞಾನ "ಜನ ಹೇಗೆ ಮಾತಾಡುತ್ತಾರೆ, ಯಾಕೆ ಹಾಗೆ" ಅಂತ ಕೇಳುತ್ತದೆ.

ನನ್ನ ತಂಗಿಯ ಮಗಳು ಮೂರು ವರ್ಷದವಳಿದ್ದಾಗ "ಮಾಮ ಬಿಸ್ಕತ್ತು ಕೊಡಿದ" ಅನ್ನುತ್ತಿದ್ದಳು. ಮನೆಯಲ್ಲಿ ಯಾರೂ "ಕೊಡಿದ" ಅನ್ನುವುದಿಲ್ಲ. ಹಾಗಾದರೆ ಎಲ್ಲಿಂದ ಕಲಿತಳು? ಅವಳು "ಮಾಡು, ಮಾಡಿದ", "ನೋಡು, ನೋಡಿದ" ಕೇಳಿದ್ದಳು. ಅದರಿಂದ ತಾನೇ ಒಂದು ನಿಯಮ ಮಾಡಿಕೊಂಡು "ಕೊಡು" ಶಬ್ದಕ್ಕೂ ಹಾಕಿದಳು. ಕೊಟ್ಟ, ಬಿಟ್ಟ, ಇಟ್ಟ ಬೇರೆ ಗುಂಪು ಅಂತ ಗೊತ್ತಾಗಲು ಇನ್ನಷ್ಟು ತಿಂಗಳು ಬೇಕಾಯಿತು. ಅವಳ ತಲೆಯೊಳಗೆ ನಡೆದ ಆ ಕೆಲಸವನ್ನು ಹೊರಗೆ ತೆಗೆದು ನೋಡುವುದೇ ನಮ್ಮ ವಿಷಯ.

ಹಳೆಯ ವೈಯಾಕರಣರೂ ಇದನ್ನು ಬಿಟ್ಟವರಲ್ಲ. 1260ರ ಸುಮಾರಿಗೆ ಕೇಶಿರಾಜ ಕನ್ನಡಕ್ಕೆ ವ್ಯಾಕರಣ ಬರೆದಾಗ ತನಗಿಂತ ಹಿಂದಿನ ಕವಿಗಳು ನಿಜಕ್ಕೂ ಬಳಸಿದ ರೂಪಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡ.

ಇದನ್ನು ಕಲಿಯಲು ಹತ್ತಾರು ಭಾಷೆ ಬರಬೇಕಾ?

ಬೇಡ. ಒಂದೇ ಭಾಷೆ ಬಂದರೂ ಸಾಕು. ಆದರೆ ಕಾಸರಗೋಡಿನಲ್ಲಿ ಹುಟ್ಟಿದವರಿಗೆ ಒಂದು ಅನುಕೂಲ ಉಂಟು. ಹೋಲಿಸಿ ನೋಡಲು ಬೇಕಾದದ್ದೆಲ್ಲ ಅಂಗಳದಲ್ಲೇ ಸಿಗುತ್ತದೆ.

ಧ್ವನಿಮಾ ಅಂದ್ರೇನು? ಅಕ್ಷರಕ್ಕೇ ಹಾಗೆ ಹೇಳುವುದಾ?

ಅಕ್ಷರ ಕಾಗದದ ಮೇಲಿನದ್ದು. ಧ್ವನಿಮಾ ಬಾಯಿ ಮತ್ತು ಕಿವಿಯದ್ದು. ಒಂದು ಸದ್ದಿನ ಜಾಗದಲ್ಲಿ ಇನ್ನೊಂದನ್ನು ಇಟ್ಟಾಗ ಅರ್ಥ ಬದಲಾದರೆ ಅವು ಆ ಭಾಷೆಯಲ್ಲಿ ಎರಡು ಬೇರೆ ಧ್ವನಿಮಾಗಳು. ಮನೆ, ಮಣೆ. ಕಲೆ, ಕಳೆ. ಹಾಲು, ಹಾಳು. ಅಜ್ಜ "ಮಣೆ ಹಾಕು" ಅಂದರೆ ಯಾರೂ ಮನೆ ಕಟ್ಟಲು ಹೊರಡುವುದಿಲ್ಲ. ಇಂಥ ಜೋಡಿಗಳನ್ನು ಹುಡುಕುವುದೇ ಮೊದಲ ಪಾಠ.

ಈಗ ಮಲಯಾಳಕ್ಕೆ ಬನ್ನಿ. ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಮೂರು ಶಬ್ದ ಹೇಳು ಅಂದೆ. ಒಂದರ ಅರ್ಥ "ಚುಚ್ಚಿ", ಇನ್ನೊಂದರದ್ದು "ಗೂಟ", ಮತ್ತೊಂದರದ್ದು "ಮಗು". ಅವನು ಹೇಳಿದ. ಮನೆಯಲ್ಲಿ ಬರೀ ಕನ್ನಡ ಮಾತಾಡುವ ಮಕ್ಕಳಿಗೆ ಎರಡೇ ಶಬ್ದ ಕೇಳಿಸಿತು: ಕುತ್ತಿ, ಕುಟ್ಟಿ. ನಡುವಿನದ್ದು ಕೆಲವರಿಗೆ "ತ" ಅನ್ನಿಸಿತು, ಕೆಲವರಿಗೆ "ಟ". ನಾಲಗೆ ಎಲ್ಲಿ ತಾಗುತ್ತದೆ ನೋಡಿ ಅಂತ ಎಲ್ಲರಿಗೂ ಹೇಳಿದೆ. ಮೊದಲನೆಯದಕ್ಕೆ ತುದಿ ಹಲ್ಲಿಗೆ ತಾಗುತ್ತದೆ. ಮೂರನೆಯದಕ್ಕೆ ಮೇಲಕ್ಕೆ ಮಡಚುತ್ತದೆ. ನಡುವಿನದ್ದಕ್ಕೆ ಹಲ್ಲಿನ ಹಿಂದೆ, ವಸಡಿನ ಉಬ್ಬಿಗೆ ತಾಗುತ್ತದೆ. ಈಗಿನ ಕನ್ನಡದಲ್ಲಿ ಆ ಜಾಗದ "ತ" ಇಲ್ಲ, ಅದಕ್ಕೆ ಅಕ್ಷರವೂ ಇಲ್ಲ. ಹತ್ತು ನಿಮಿಷ ಎಲ್ಲರೂ ಬಾಯಿಗೆ ಬೆರಳಿಟ್ಟುಕೊಂಡು ಕುತ್ತಿ, ಕುಟ್ಟಿ ಅನ್ನುತ್ತಾ ಕೂತರು. ಕೊನೆಗೆ ಮೂರೂ ಬೇರೆ ಬೇರೆ ಕೇಳಿಸತೊಡಗಿತು. ಕಿವಿ ತೆರೆಯುವ ಆ ಗಳಿಗೆ ನನಗೆ ಯಾವತ್ತೂ ಹಳೆಯದಾಗುವುದಿಲ್ಲ.

ತುಳುವಿನಲ್ಲಿ ಇನ್ನೂ ಸೂಕ್ಷ್ಮ. "ಯಾನ್ ಬರ್ಪೆ" ಅಂದರೆ ನಾನು ಬರುತ್ತೇನೆ. "ಆಯೆ ಬರ್ಪೆ" ಅಂದರೆ ಅವನು ಬರುತ್ತಾನೆ. ಬರೆದರೆ ಎರಡೂ ಒಂದೇ. ಮಾತಿನಲ್ಲಿ "ನಾನು" ಅನ್ನುವಾಗ ಕೊನೆಯ ಎ ಸ್ವರಕ್ಕೆ ಬಾಯಿ ಜಾಸ್ತಿ ತೆರೆಯುತ್ತದೆ. ಬ್ಯಾಂಕ್ ಶಬ್ದದ ಸ್ವರವನ್ನು ಗಿಡ್ಡ ಮಾಡಿದ ಹಾಗೆ ಇರುತ್ತದೆ. "ಅವನು" ಅನ್ನುವಾಗ ಬಾಯಿ ಅಷ್ಟು ತೆರೆಯುವುದಿಲ್ಲ. ತುಳು ಗೊತ್ತಿಲ್ಲದವರು ಓದುವಾಗ ಇದು ತಪ್ಪಿಹೋಗುತ್ತದೆ. ತುಳುವರಿಗೆ ಐದು ವರ್ಷದ ಮಗುವಿದ್ದಾಗಲೇ ಗೊತ್ತಿರುತ್ತದೆ.

ತುಳುವಿಗೆ ಲಿಪಿ ಇಲ್ಲ, ಹಾಗಾಗಿ ಅದು ಭಾಷೆಯೇ ಅಲ್ಲ ಅಂತಾರೆ. ನಿಜವಾ?

ಎರಡೂ ತಪ್ಪು. ತುಳು ತಿಗಳಾರಿ ಲಿಪಿಯಲ್ಲಿ ಬರೆದ ಓಲೆಗರಿಗಳು ಇವೆ. ಕಂಪ್ಯೂಟರು, ಮೊಬೈಲುಗಳಿಗೆ ಎಲ್ಲ ಲಿಪಿಗಳ ಅಕ್ಷರಗಳನ್ನು ಗುರುತಿಸಿಕೊಡುವ ಪಟ್ಟಿಗೆ ಯೂನಿಕೋಡ್ ಅನ್ನುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ಆ ಲಿಪಿಗೆ ಜಾಗ ಸಿಕ್ಕಿದೆ. ಲಿಪಿ ಇಲ್ಲದಿದ್ದರೂ ಭಾಷೆ ಭಾಷೆಯೇ. ಕೊಂಕಣಿಯನ್ನು ಕನ್ನಡ, ದೇವನಾಗರಿ, ರೋಮನ್, ಮಲಯಾಳ ಲಿಪಿಗಳಲ್ಲಿ ಬರೆಯುತ್ತಾರೆ. ಹಿಂದಿ, ಮರಾಠಿ, ನೇಪಾಳಿ ಒಂದೇ ಲಿಪಿ ಬಳಸುತ್ತವೆ. ಬ್ರಿಗೆಲ್ ಅನ್ನುವ ಪಾದ್ರಿ 1872ರಲ್ಲಿ ಮಂಗಳೂರಿನಲ್ಲಿ ತುಳು ವ್ಯಾಕರಣ ಅಚ್ಚು ಹಾಕಿಸಿದಾಗ ತುಳು ಹೊಸದಾಗಿ ಹುಟ್ಟಲಿಲ್ಲ. ಇದ್ದದ್ದನ್ನು ಆತ ಬರೆದುಕೊಂಡ, ಅಷ್ಟೇ.

ಶಬ್ದದ ಒಳಗೆ ಏನಿರುತ್ತದೆ?

ತುಂಡುಗಳು. ಅರ್ಥ ಇರುವ ಅತಿ ಚಿಕ್ಕ ತುಂಡಿಗೆ ಆಕೃತಿಮಾ ಅನ್ನುತ್ತಾರೆ. "ತೋಟಗಳಲ್ಲಿ" ಅಂದರೆ ತೋಟ, ಗಳ್, ಅಲ್ಲಿ. ಕನ್ನಡ ಒಂದರ ಹಿಂದೆ ಒಂದು ಜೋಡಿಸುತ್ತಾ ಹೋಗುವ ಭಾಷೆ. ಅಡಿಕೆ ಪೋಣಿಸಿದ ಹಾಗೆ, ಪ್ರತಿ ತುಂಡೂ ಬೇರೆಯಾಗಿ ಕಾಣುತ್ತದೆ.

ಹೊರಗಿನಿಂದ ಬಂದ ಶಬ್ದಕ್ಕೆ ನಾವು ಏನು ಮಾಡುತ್ತೇವೆ ಅಂತ ನೋಡಿದರೆ ಕಟ್ಟು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಬಸ್ ಬಂತು, ಬಸ್ಸು ಆಯಿತು. ಪೆನ್ ಪೆನ್ನಾಯಿತು. ಆದರೆ ಕಾರ್ ಬರೀ ಕಾರು, ಕಾರ್ರು ಅಲ್ಲ. ರೋಡು, ಬ್ಯಾಗು ಕೂಡ ಹಾಗೇ. ಮೊದಲ ಸ್ವರ ಗಿಡ್ಡ ಇದ್ದರೆ ವ್ಯಂಜನ ದುಪ್ಪಟ್ಟು. ಉದ್ದ ಇದ್ದರೆ ಒಂದೇ. ಈಗ ನಮ್ಮದೇ ಶಬ್ದಗಳನ್ನು ನೋಡಿ. ಕಣ್ಣು, ಹಲ್ಲು, ಬೆನ್ನು, ಮುಳ್ಳು. ಅದೇ ಕಾಲು, ಹಾಲು, ಮೀನು. ಬಸ್ಸಿನ ಕಂಡಕ್ಟರಿಗೆ ಯಾರೂ ಈ ನಿಯಮ ಹೇಳಿಕೊಟ್ಟಿಲ್ಲ. ಆದರೂ ಎಲ್ಲ ಕಂಡಕ್ಟರುಗಳೂ ಅದನ್ನೇ ಪಾಲಿಸುತ್ತಾರೆ.

ಮಲಯಾಳದಲ್ಲಿ ಕ್ರಿಯಾಪದ ಸುಲಭ ಅಂತಾರಲ್ಲ, ಯಾಕೆ?

ಯಾಕೆಂದರೆ ಅಲ್ಲಿ ಕ್ರಿಯಾಪದದ ಕೊನೆಗೆ ಆಳಿನ ಗುರುತು ಇಲ್ಲ. ನಾವು ಹೋದೆ, ಹೋದಳು, ಹೋದರು, ಹೋಯಿತು ಅನ್ನುತ್ತೇವೆ. ಅವರಿಗೆ ಎಲ್ಲದಕ್ಕೂ "ಪೋಯಿ". ಹಳೆಯ ಮಲಯಾಳದಲ್ಲಿ ಆ ಗುರುತುಗಳು ಇದ್ದವು, ಕಾಲ ಹೋದಂತೆ ಬಿದ್ದುಹೋದವು. ಹಾಗಂತ ಮಲಯಾಳ ಬಡವಾಯಿತು ಅಂದುಕೊಳ್ಳಬೇಡಿ. ಮುಂದಿನ ಉತ್ತರ ಓದಿ.

"ನಾವು" ಅನ್ನುವ ಶಬ್ದದಲ್ಲಿ ಏನು ವಿಶೇಷ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ನಾನು ಚಿಕ್ಕವನಿದ್ದಾಗ ನಮ್ಮಮ್ಮ ಪಕ್ಕದ ಮನೆಯ ಅಂಗಳದಲ್ಲಿ ನಿಂತು "ನಾವು ನಾಳೆ ಮಧೂರು ದೇವಸ್ಥಾನಕ್ಕೆ ಹೋಗ್ತೇವೆ" ಅಂದರು. ಮಾರನೇ ದಿನ ಬೆಳಿಗ್ಗೆ ಆ ಮನೆಯ ಹುಡುಗ ಇಸ್ತ್ರಿ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು ನಮ್ಮ ಮೆಟ್ಟಿಲಿನಲ್ಲಿ ಕೂತಿದ್ದ. ಅಮ್ಮ ಹೇಳಿದ್ದು ನಮ್ಮ ಮನೆಯವರು ಅಂತ. ಅವನು ತಿಳಿದದ್ದು ನಾವೂ ನೀವೂ ಸೇರಿ ಅಂತ. ಅವನನ್ನೂ ಕರಕೊಂಡು ಹೋದೆವು.

ಅಮ್ಮ ಮಲಯಾಳದಲ್ಲಿ ಹೇಳಿದ್ದರೆ ಈ ಗೊಂದಲ ಆಗುತ್ತಲೇ ಇರಲಿಲ್ಲ. ಅಲ್ಲಿ ಕೇಳುವವರನ್ನು ಬಿಟ್ಟು "ನಾವು" ಅನ್ನಲು "ಞಙ್ಙಳ್", ಸೇರಿಸಿಕೊಂಡು ಅನ್ನಲು "ನಮ್ಮಳ್". ತುಳುವಿನಲ್ಲಿ ಬಿಟ್ಟರೆ "ಎಂಕುಲು", ಸೇರಿಸಿದರೆ "ನಮ". ಬರಹದ ಕನ್ನಡದಲ್ಲಿ ಎರಡಕ್ಕೂ ಒಂದೇ ಶಬ್ದ. ಆದರೆ ನಮ್ಮ ಹವ್ಯಕ ಕನ್ನಡದಲ್ಲಿ ಈ ಭೇದ ಉಂಟು: ಬಿಟ್ಟರೆ "ಎಂಗೊ", ಸೇರಿಸಿದರೆ "ನಾವು". ಪುಸ್ತಕದ ಕನ್ನಡಕ್ಕೆ ಇಲ್ಲದ ಒಂದು ಕೋಣೆ ಅಡುಗೆಮನೆಯ ಕನ್ನಡಕ್ಕೆ ಇದೆ. ಇದನ್ನು ಹೇಳಿದಾಗ ಹವ್ಯಕರ ಮಕ್ಕಳ ಮುಖ ನೋಡಬೇಕು. ಅಷ್ಟು ದಿನ ಅವರು ಅದನ್ನು ಕ್ಲಾಸಿನಲ್ಲಿ ಬಾಯಿ ಬಿಟ್ಟು ಆಡಿರಲಿಲ್ಲ.

ಹವ್ಯಕರು "ಅಕ್ಕ ಬಂತು" ಅನ್ನುತ್ತಾರೆ. ಹೆಂಗಸರಿಗೆ ಅದು ಅಗೌರವ ಅಲ್ವಾ?

ಅಲ್ಲ. ವ್ಯಾಕರಣದ ಲಿಂಗ ಬೇರೆ, ಮರ್ಯಾದೆ ಬೇರೆ. ಪ್ರತಿ ಭಾಷೆಯೂ ಹೆಸರುಗಳನ್ನು ತನ್ನದೇ ರೀತಿಯಲ್ಲಿ ಗುಂಪು ಮಾಡಿಕೊಳ್ಳುತ್ತದೆ. ತೆಲುಗಿನಲ್ಲೂ ಒಬ್ಬ ಹೆಂಗಸು ಬಂದರೂ ಒಂದು ಹಸು ಬಂದರೂ ಕ್ರಿಯಾಪದ "ವಚ್ಚಿಂದಿ". ಇದು ದ್ರಾವಿಡ ಭಾಷೆಗಳಲ್ಲಿ ಬೇರೆ ಕಡೆಯೂ ಕಾಣುವ ಕಟ್ಟು. "ಅಕ್ಕ ಬಂತು" ಅನ್ನುವ ಮನೆಯಲ್ಲಿ ಅಕ್ಕನ ಮೇಲೆ ಎಷ್ಟು ಪ್ರೀತಿ ಇದೆ ಅಂತ ಆ ದನಿ ಕೇಳಿದರೇ ಗೊತ್ತಾಗುತ್ತದೆ.

ಮಲಯಾಳದಿಂದ ಕನ್ನಡ ಬಂತಾ, ಕನ್ನಡದಿಂದ ಮಲಯಾಳವಾ? ಊರುಗಳಿಗೆ ಎರಡೆರಡು ಹೆಸರು ಯಾಕೆ?

ಯಾವುದೂ ಯಾವುದರ ಮಗಳಲ್ಲ. ಎರಡೂ ಒಂದೇ ಮನೆತನದವು. ದಕ್ಷಿಣದ ಭಾಷೆಗಳಿಗೆ ಸಂಸ್ಕೃತದಿಂದ ಬೇರೆಯಾದ ಒಂದು ಮೂಲ ಇದೆ ಅಂತ ಎಲ್ಲಿಸ್ ಅನ್ನುವ ಇಂಗ್ಲಿಷ್ ಅಧಿಕಾರಿ 1816ರಲ್ಲಿ ತೋರಿಸಿದ. 1856ರಲ್ಲಿ ಕಾಲ್ಡ್‌ವೆಲ್ ಅನ್ನುವ ಪಾದ್ರಿ ಅವುಗಳನ್ನು ಸಾಲಾಗಿಟ್ಟು ಹೋಲಿಸಿದ. ಆ ಹೋಲಿಕೆಯನ್ನು ನೀವೇ ಕಾಸರಗೋಡು ಪೇಟೆಯ ಬೋರ್ಡುಗಳನ್ನು ಓದುತ್ತಾ ಮಾಡಬಹುದು.

ಕನ್ನಡದ ತಲೆ ಮಲಯಾಳದಲ್ಲಿ ತಲ. ಮಳೆ ಅಲ್ಲಿ ಮೞ (ಈ ೞ ಹಳಗನ್ನಡದ ರಳ ಅಕ್ಷರ). ಎಲೆ ಇಲ, ಹೊಳೆ ಪುೞ, ಬಾಳೆ ವಾೞ. ಒಂದು, ಎರಡು ಅಲ್ಲ, ಸಾಲು ಸಾಲು. ನಮ್ಮ ಕೊನೆಯ "ಎ" ಅಲ್ಲಿ "ಅ". ನಮ್ಮ ಮೊದಲ "ಬ" ಅಲ್ಲಿ "ವ": ಬಾಯಿ ವಾಯ, ಬೇಲಿ ವೇಲಿ. ನಮ್ಮ "ಕಿ, ಕೇ" ಅಲ್ಲಿ "ಚೆ, ಚೇ": ಕಿವಿ ಚೆವಿ, ಕೇರಿ ಚೇರಿ. ಹೀಗೆ ನಿಯಮವಾಗಿ ಹೊಂದಿದರೆ ಮಾತ್ರ ನಂಟು ಅಂತ ಒಪ್ಪುತ್ತಾರೆ. ಸುಮ್ನೆ ಒಂದು ಶಬ್ದ ಇನ್ನೊಂದರ ಹಾಗೆ ಕೇಳಿಸಿದರೆ ಸಾಲದು.

"ಪ" ಮತ್ತು "ಹ"ದ ಕಥೆ ಎಲ್ಲಕ್ಕಿಂತ ಚೆಂದ. ಪಂಪನ ಕಾಲದಲ್ಲಿ ಕನ್ನಡದವರೂ ಪಾಲ್, ಪುಲಿ, ಪತ್ತು, ಪೆಸರ್ ಅನ್ನುತ್ತಿದ್ದರು. ಆಮೇಲೆ ಕೆಲವು ಶತಮಾನಗಳಲ್ಲಿ ಅವು ಹಾಲು, ಹುಲಿ, ಹತ್ತು, ಹೆಸರು ಆದವು. ಮಲಯಾಳ ಬದಲಾಗಲಿಲ್ಲ: ಪಾಲ್, ಪುಲಿ, ಪತ್ತ್. ತುಳುವೂ ಬದಲಾಗಲಿಲ್ಲ: ಪಿಲಿ, ಪತ್ತ್. ಹಾಗೇ ಹಳಗನ್ನಡದ ಕೋೞಿ, ಏೞು ನಮ್ಮ ಬಾಯಲ್ಲಿ ಕೋಳಿ, ಏಳು ಆಯಿತು. ಮಲಯಾಳದವರು ಇವತ್ತೂ "ಕೋೞಿ" ಅನ್ನುತ್ತಾರೆ. ಪಠ್ಯದಲ್ಲಿ ಮಾತ್ರ ನೋಡಿದ ಆ ರಳ ಅಕ್ಷರದ ಸದ್ದು ಹೇಗಿತ್ತು ಅಂತ ತಿಳಿಯಬೇಕಾದರೆ ಮೀನು ಮಾರ್ಕೆಟ್ಟಿನ ಪಕ್ಕದ ಕೋಳಿ ಅಂಗಡಿಗೆ ಹೋಗಿ ನಿಂತರೆ ಸಾಕು.

ಈಗ ಊರಿನ ಹೆಸರು. ಕುಂಬಳೆ ಅಲ್ಲಿ ಕುಂಬಳ. ಇದು ತಲೆ, ತಲದ ಲೆಕ್ಕವೇ. ಮಂಜೇಶ್ವರ ಅಲ್ಲಿ ಮಂಜೇಶ್ವರಂ. ಇದು ಮರ, ಮರಂ ಲೆಕ್ಕ. ಹಳಗನ್ನಡದಲ್ಲೂ "ಮರಂ" ಇತ್ತು, ನಾವು ಕೊನೆಯ ಸೊನ್ನೆಯನ್ನು ಬಿಟ್ಟೆವು. ಆದ್ದರಿಂದ ಒಂದು ಹೆಸರು ಸರಿ, ಇನ್ನೊಂದು ತಪ್ಪು ಅನ್ನಲು ಭಾಷಾವಿಜ್ಞಾನದಲ್ಲಿ ಆಧಾರ ಇಲ್ಲ. 1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿತು. ಬೋರ್ಡಿನ ಮೇಲೆ ಯಾವ ಹೆಸರು ಇರಬೇಕು ಅನ್ನುವುದು ಸರಕಾರದ ತೀರ್ಮಾನ. ಎರಡೂ ಇರಬೇಕು ಅಂತ ನನ್ನ ಮನಸ್ಸು. ಕುಂಬಳೆ ಅನ್ನುವ ಬಾಯಿಗಳು ಇನ್ನೂ ಇಲ್ಲೇ ಇವೆ.

ಶಬ್ದಕ್ಕೂ ಅರ್ಥಕ್ಕೂ ಸಂಬಂಧ ಹೇಗೆ ಬರುತ್ತದೆ?

ಒಪ್ಪಂದದಿಂದ. ತುಳುವಿನಲ್ಲಿ "ಪೇರ್" ಅಂದರೆ ಹಾಲು. ಮಲಯಾಳದಲ್ಲಿ "ಪೇರ್" ಅಂದರೆ ಹೆಸರು. ಸದ್ದು ಹೆಚ್ಚುಕಮ್ಮಿ ಒಂದೇ. ಹಾಲಿಗೂ ಆ ಸದ್ದಿಗೂ ಹುಟ್ಟಿನ ಸಂಬಂಧ ಏನೂ ಇಲ್ಲ. ತುಳುವರು ಹಾಗೆ ಒಪ್ಪಿಕೊಂಡಿದ್ದಾರೆ, ಅಷ್ಟೇ. ಈ ಮಾತಿಗೆ ಒತ್ತು ಕೊಟ್ಟವನು ಸ್ವಿಟ್ಜರ್ಲೆಂಡಿನ ಸೊಸ್ಯೂರ್. ಅವನು ತೀರಿಕೊಂಡ ಮೇಲೆ, 1916ರಲ್ಲಿ, ಅವನ ಪಾಠಗಳು ಪುಸ್ತಕವಾಗಿ ಬಂದವು.

ಸಂಸ್ಕೃತದಿಂದ ಬಂದ ಶಬ್ದಗಳೂ ಒಂದೊಂದು ಮನೆಯಲ್ಲಿ ಒಂದೊಂದು ಅರ್ಥ ಹಿಡಿದಿವೆ. ನಮಗೆ ಸಂಸಾರ ಅಂದರೆ ಹೆಂಡತಿ ಮಕ್ಕಳು. ಮಲಯಾಳದಲ್ಲಿ "ಸಂಸಾರಂ" ಅಂದರೆ ಮಾತು. ನಮಗೆ ಅವಸರ ಅಂದರೆ ಗಡಿಬಿಡಿ, ಅವರಿಗೆ "ಅವಸರಂ" ಅಂದರೆ ಅವಕಾಶ. ಇನ್ನು ಪಟ್ಟಿ. ಹೊಸದಾಗಿ ಬಂದ ಕನ್ನಡದ ಟೀಚರೊಬ್ಬರು ಮಲಯಾಳ ಮಕ್ಕಳಿದ್ದ ಕ್ಲಾಸಿನಲ್ಲಿ "ನಿಮ್ಮ ಪಟ್ಟಿ ತಂದಿದ್ದೇನೆ" ಅಂದಾಗ ಮಕ್ಕಳು ಬಾಗಿಲ ಕಡೆ ನಾಯಿ ಹುಡುಕಿದರು. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ.

ವಾಕ್ಯದ ಕಟ್ಟು ಅಂದ್ರೇನು? ಶಬ್ದಗಳು ಸಾಲಾಗಿ ಬಂದರೆ ವಾಕ್ಯ ಆಗುವುದಿಲ್ವಾ?

ಬರೀ ಸಾಲು ಅಲ್ಲ, ಒಳಗೆ ಗುಂಪುಗಳಿವೆ. "ಹಳೆ ಪುಸ್ತಕದ ಅಂಗಡಿ" ಅನ್ನಿ. ಹಳತಾಗಿರುವುದು ಪುಸ್ತಕವಾ, ಅಂಗಡಿಯಾ? ಶಬ್ದಗಳು ಅವೇ, ಕ್ರಮವೂ ಅದೇ. "ಹಳೆ ಪುಸ್ತಕ" ಒಂದು ಗುಂಪು ಅಂದುಕೊಂಡರೆ ಒಂದು ಅರ್ಥ, "ಪುಸ್ತಕದ ಅಂಗಡಿ" ಒಂದು ಗುಂಪು ಅಂದುಕೊಂಡರೆ ಇನ್ನೊಂದು ಅರ್ಥ. ಕಣ್ಣಿಗೆ ಕಾಣದ ಆ ಗುಂಪೇ ವಾಕ್ಯದ ಕಟ್ಟು.

ಇನ್ನೊಂದು ಸಂಗತಿ. ಕನ್ನಡದಲ್ಲಿ "ನಾನು ಹಸಿದೆ" ಅನ್ನುವುದಕ್ಕಿಂತ "ನನಗೆ ಹಸಿವಾಗ್ತದೆ" ಅನ್ನುವುದೇ ಜಾಸ್ತಿ. ಹಸಿವು ನನಗೆ ಆಗುವಂಥದ್ದು, ನಾನು ಮಾಡುವಂಥದ್ದಲ್ಲ. ಮಲಯಾಳದಲ್ಲಿ "ಎನಿಕ್ಕ್", ತುಳುವಿನಲ್ಲಿ "ಎಂಕ್", ಎರಡೂ "ನನಗೆ"ಯೇ. ಕೊಂಕಣಿ, ಮರಾಠಿ ಬೇರೆ ಮನೆತನದವು, ಉತ್ತರದ ಕಡೆಯವು. ಅಲ್ಲೂ ಹಸಿವು "ನನಗೆ"ಯೇ ಆಗುವುದು. ನೂರಾರು ವರ್ಷ ಅಕ್ಕಪಕ್ಕ ಬದುಕಿದರೆ ಶಬ್ದ ಮಾತ್ರ ಅಲ್ಲ, ಕಟ್ಟೂ ಒಂದೇ ಥರ ಆಗುತ್ತದೆ. ಎಮೆನೊ ಅನ್ನುವ ವಿದ್ವಾಂಸ 1956ರಲ್ಲಿ ಇಡೀ ಭಾರತವನ್ನು ಹೀಗೆ ಒಂದು ಭಾಷಾವಲಯ ಅಂತ ವಾದಿಸಿದ. ನಮ್ಮ ಊರನ್ನು ಕೇರಳಕ್ಕೆ ಸೇರಿಸಿ ರಾಜ್ಯದ ಗಡಿ ಹಾಕಿದ ವರ್ಷವೇ ಆ ಬರಹವೂ ಬಂತು.

ನಮ್ಮ ಕನ್ನಡ ಶುದ್ಧ ಅಲ್ಲ ಅಂತಾರೆ. ತಿದ್ದಿಕೊಳ್ಳಬೇಕಾ?

ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ನಾನು ಓದಲು ಗಡಿ ದಾಟಿ ಹೋದಾಗ ಅಲ್ಲಿನ ಮೇಷ್ಟ್ರೊಬ್ಬರು ನನ್ನ "ಎಂತ", "ಉಂಟು", "ಬರ್ಲಿಕ್ಕೆ" ಕೇಳಿ, "ಇದು ಮಲಯಾಳ ಸೇರಿದ ಕಲಬೆರಕೆ ಕನ್ನಡ" ಅಂತ ಎಲ್ಲರೆದುರು ಹೇಳಿದರು. ಆ ವರ್ಷ ನಾನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಆಮೇಲೆ ಓದುತ್ತಾ ಹೋದಂತೆ ಗೊತ್ತಾಯಿತು. "ಉಂಟು" ಹಳಗನ್ನಡದಿಂದಲೂ ಇರುವ ಶಬ್ದ. ಮಲಯಾಳದ "ಉಂಡ್", ತುಳುವಿನ "ಉಂಡು" ಅದರ ಸೋದರರು. ಬರಹದ "ಬರುತ್ತದೆ"ಗೆ ನಮ್ಮ "ಬರ್ತದೆ" ಹತ್ತಿರವೋ, ಬೆಂಗಳೂರಿನ "ಬರತ್ತೆ" ಹತ್ತಿರವೋ? ನೀವೇ ಅಳೆದು ನೋಡಿ.

ಬರಹಕ್ಕೆ ಎಲ್ಲರಿಗೂ ಹೊಂದುವ ಒಂದು ರೂಪ ಬೇಕು, ಅದನ್ನು ಕಲಿಯಿರಿ. ಪರೀಕ್ಷೆಗೂ ಅರ್ಜಿಗೂ ಅದು ಬೇಕೇ ಬೇಕು. ಅದಕ್ಕಾಗಿ ಮನೆಯ ಮಾತನ್ನು ಬಿಡಬೇಕಾಗಿಲ್ಲ. ಪಂಚೆ ಉಡುವವರು ಪ್ಯಾಂಟೂ ಹಾಕುತ್ತಾರಲ್ಲ. ನಿಯಮ ಇಲ್ಲದ ಮಾತು ಅಂತ ಒಂದು ಎಲ್ಲೂ ಇಲ್ಲ. "ಎಂತ" ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಅನ್ನುವುದಕ್ಕೂ ನಮ್ಮಲ್ಲಿ ಗಟ್ಟಿ ನಿಯಮ ಉಂಟು.

ಬ್ಯಾರಿ ಭಾಷೆಯಾ, ಉಪಭಾಷೆಯಾ?

ಭಾಷೆಗೂ ಉಪಭಾಷೆಗೂ ನಡುವೆ ಗೆರೆ ಎಳೆಯುವ ಅಳತೆಕೋಲು ಭಾಷಾವಿಜ್ಞಾನದಲ್ಲಿ ಇಲ್ಲ. ಮಲಯಾಳಕ್ಕೆ ಬ್ಯಾರಿ ತುಂಬ ಹತ್ತಿರ, ತುಳುವಿನಿಂದಲೂ ತುಂಬ ಪಡೆದಿದೆ. ಆಡುವವರು ತಮ್ಮದನ್ನು ಭಾಷೆ ಅಂದರೆ ನನಗೆ ಅದೇ ಭಾಷೆ.

ಮಗುವಿಗೆ ನಾಲ್ಕು ಭಾಷೆ ಕಿವಿಗೆ ಬಿದ್ದರೆ ತಲೆ ಕೆಡುವುದಿಲ್ವಾ?

ಕೆಡುವುದಿಲ್ಲ. ಅಜ್ಜಿಯ ಹತ್ತಿರ ತುಳು, ಗೆಳೆಯರ ಹತ್ತಿರ ಮಲಯಾಳ ಅಂತ ಮಗು ತಾನೇ ಬೇರೆ ಮಾಡಿಕೊಳ್ಳುತ್ತದೆ. ಬೆರೆಸಿದರೂ ಕಟ್ಟು ಬಿಡುವುದಿಲ್ಲ. "ಅವ ನನ್ನ ಹತ್ರ ವೞಕ್ಕ್ ಮಾಡಿದ" ಅನ್ನುವ ಮಗು ಜಗಳಕ್ಕೆ ಮಲಯಾಳದ ಹೆಸರು ತಂದಿದೆ, ಆದರೆ ಕ್ರಿಯಾಪದ ಕನ್ನಡದ್ದೇ, ಜಾಗವೂ ಕೊನೆಯಲ್ಲೇ. ದಯವಿಟ್ಟು ಮನೆಯ ಭಾಷೆ ನಿಲ್ಲಿಸಿ ಇಂಗ್ಲಿಷ್ ಶುರು ಮಾಡಬೇಡಿ.

ಮುಂದೆ ಇದನ್ನೇ ಓದಬೇಕು ಅಂದರೆ ಎಲ್ಲಿ?

ನಮ್ಮ ಜಿಲ್ಲೆಯಲ್ಲೇ, ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ವಿಭಾಗ ಇದೆ. ಮೈಸೂರಿನಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಇದೆ. ಗಡಿಯಲ್ಲೇ ಇರುವ ಇನ್ನೊಂದು ಊರು ಆಂಧ್ರದ ಕುಪ್ಪಂ. ಅಲ್ಲಿ ದ್ರಾವಿಡ ವಿಶ್ವವಿದ್ಯಾಲಯ ಇದೆ. ಪ್ಲಸ್ ಟು ಓದುವಾಗ ಯಾವ ವಿಷಯ ತೆಗೆದುಕೊಂಡಿದ್ದೀರಿ ಅಂತ ಚಿಂತೆ ಬೇಡ.

ಮನೆಯಲ್ಲೇ ಶುರು ಮಾಡುವುದು ಹೇಗೆ?

ಮೊಬೈಲಿನಲ್ಲಿ ರೆಕಾರ್ಡರ್ ಇದೆ, ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯ ಹಿರಿಯರ ಹತ್ತಿರ ಕೂತು, ಮೊದಲು ಅವರ ಒಪ್ಪಿಗೆ ಕೇಳಿ. ಮೈಯ ಭಾಗಗಳು, ನೆಂಟರ ಹೆಸರು, ಒಂದರಿಂದ ಹತ್ತು, ಅಡುಗೆಮನೆಯ ಪಾತ್ರೆಗಳು ಸಾಕು. ಆಮೇಲೆ "ನಾನು ಬಂದೆ, ನೀನು ಬಂದೆ, ಅವಳು ಬಂದಳು" ಇವುಗಳನ್ನು ಅವರ ಮಾತಿನಲ್ಲಿ ಕೇಳಿ. ನಮ್ಮ ಕಡೆಯ ಕೊರಗ ಸಮುದಾಯದವರ ಮಾತನ್ನು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಹೀಗೇ ಕೂತು ಕೇಳಿ ದಾಖಲಿಸಿದ್ದು. ಅದು 1971ರಲ್ಲಿ ಅಚ್ಚಾಯಿತು.

ಪುಟದ ಮೇಲೆ ತಾರೀಕು, ಊರು, ಹೇಳಿದವರ ವಯಸ್ಸು ಬರೆಯಿರಿ. ನಡುವೆ ತಿದ್ದಬೇಡಿ. ಅಜ್ಜಿ ಎರಡು ಸಲ ಎರಡು ಥರ ಹೇಳಿದರೆ ಎರಡನ್ನೂ ಬರೆದುಕೊಳ್ಳಿ. ಕನ್ನಡದ ಅಕ್ಷರ ಸಾಲದೇ ಹೋದ ಜಾಗದಲ್ಲಿ ಒಂದು ಚುಕ್ಕೆ ಇಟ್ಟು, ಬಾಯಿ ಹೇಗಿತ್ತು ಅಂತ ಪಕ್ಕದಲ್ಲಿ ಗುರುತು ಮಾಡಿ. ಭಾನುವಾರ ಬರುವಾಗ ಆ ನೋಟ್‌ಬುಕ್ ತನ್ನಿ.